ನಾನು ಕತ್ತರಿಸಿ ಎಸೆದ ಕೊಬ್ಬು

ನನ್ನ ಅಣ್ಣನ ಮೊಮ್ಮಗಳು ಮೈತ್ರಿ ಈ ವರ್ಷ ಲ್ಯಾಬ್ ಟೆಕ್ನಾಲಜಿ ಕೋರ್ಸಿಗೆ ಸೇರಿದ್ದಾಳೆ. ಹೋದ ಭಾನುವಾರ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ದೂರು ಶುರುಮಾಡಿದಳು. “ಅಜ್ಜಿ, ಕೊಬ್ಬಿರೋ ಪೀಸ್ ಕಟ್ಟೇ ಆಗಲ್ಲ. ಬಧು ಚೂರಾ ಥಯಿ ಜಾಯ್ ಛೇ!” ಎಲ್ಲ ಪುಡಿಪುಡಿಯಾಗುತ್ತದಂತೆ. ಕನ್ನಡದಲ್ಲಿ ಹೊರಟು ಗುಜರಾತಿಯಲ್ಲಿ ಇಳಿಯುವುದು ಅವಳ ಎಲ್ಲ ವಾಕ್ಯಗಳ ದಾರಿ. ನನಗೆ ನಗು ಬಂತು. ಆ ಕೆಲಸದಲ್ಲೇ ಕೂದಲು ಬೆಳ್ಳಗಾಗಿ ನಿವೃತ್ತಳಾದವಳು ನಾನು. ಇದೇ ದೂರು ಒಂದು ಕಾಲದಲ್ಲಿ ನನ್ನ ಬಾಯಿಂದಲೂ ಬಂದಿತ್ತು, ಅದೂ ಅಳುವಿನ ಜೊತೆಗೆ. ಅವಳಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ಅಪ್ಪ ಓದಿ ಹೇಳುತ್ತಾನೆ.

ನಮ್ಮ ಕೆಲಸ ಏನೆಂದು ಹಲವರಿಗೆ ಗೊತ್ತಿರುವುದಿಲ್ಲ. ರೋಗಿಯ ಮೈಯಿಂದ ಡಾಕ್ಟರು ಒಂದು ಸಣ್ಣ ತುಣುಕು ತೆಗೆದು ಸೀಸೆಯಲ್ಲಿ ಹಾಕಿ ಕಳಿಸುತ್ತಾರೆ. ಅದರ ನೀರಿನಂಶವನ್ನೆಲ್ಲ ತೆಗೆದು, ಕರಗಿದ ಮೇಣ ಕುಡಿಸಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೋಳು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬಣ್ಣ ಹಾಕಿ ಕೊಡುವುದು ನಾವು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಹೆಸರು ಹೇಳುವವರು ಪೆಥಾಲಜಿಯ ಡಾಕ್ಟರು. ರೋಗಿ ನಮ್ಮ ಮುಖ ನೋಡುವುದಿಲ್ಲ. ಆದರೆ ನಾವು ಕೊಯ್ದದ್ದನ್ನಷ್ಟೇ ಡಾಕ್ಟರು ನೋಡಲು ಸಾಧ್ಯ. ಈ ಒಂದು ಮಾತು ನನಗೆ ಅರ್ಥವಾಗಲು ಒಬ್ಬ ಮನುಷ್ಯನ ಬೆನ್ನು ಎರಡು ಸಲ ಕೊಯ್ಸಿಕೊಳ್ಳಬೇಕಾಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅಣ್ಣ ಅಹಮದಾಬಾದಿಗೆ ಕರೆಸಿಕೊಂಡ. ಅವನು ಅಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ. ನನ್ನನ್ನು ಒಂದು ಆಸ್ಪತ್ರೆಯ ಲ್ಯಾಬಿಗೆ ತರಬೇತಿಗೆ ಸೇರಿಸಿದ. ಅಲ್ಲಿ ನನ್ನ ಗುರು ಕಾಂತಿಭಾಯಿ. ಬಿಳಿ ಟೊಪ್ಪಿಗೆ, ಬಿಳಿ ಮೀಸೆ, ಕೈಬೆರಳುಗಳು ಮಾತ್ರ ಬಣ್ಣ ಹಾಕಿ ಹಾಕಿ ಖಾಯಂ ನೇರಳೆ. ಮೊದಲ ಎರಡು ತಿಂಗಳು ಅವರು ನನ್ನಿಂದ ಮಾಡಿಸಿದ್ದು ಒಂದೇ ಕೆಲಸ, ಚೂರಿ ಮಸೆಯುವುದು. ಈಗಿನಂತೆ ಬಳಸಿ ಬಿಸಾಡುವ ಬ್ಲೇಡುಗಳಿರಲಿಲ್ಲ. ಇಟ್ಟಿಗೆಯಷ್ಟು ಭಾರದ ಉಕ್ಕಿನ ಚೂರಿಯನ್ನು ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ತೀಡಿ, ಕೊನೆಗೆ ನನ್ನದೇ ಜಡೆಯಿಂದ ಒಂದು ಕೂದಲು ಕಿತ್ತು ಅಲಗಿನ ಮೇಲೆ ಬಿಡಬೇಕು. ಕೂದಲು ಎರಡಾದರೆ ಆ ದಿನಕ್ಕೆ ಬಿಡುಗಡೆ. “ಹೀಗೇ ಆದರೆ ನಾನು ಬೋಳಾಗ್ತೀನಿ ಕಾಂತಿಭಾಯಿ” ಎಂದರೆ, “ಬೋಳಾಗೋದ್ರೊಳಗೆ ಕಲೀತೀಯ, ಬೆನ್” ಎನ್ನುತ್ತಿದ್ದರು.

ಹೋಳು ಗಾಜಿಗೆ ಅಂಟಲು ಮೊಟ್ಟೆಯ ಬಿಳಿಯನ್ನು ಸವರಬೇಕು. ಮೊಟ್ಟೆ ಒಡೆದು ಆ ಅಂಟು ಮಾಡಿಡುತ್ತಿದ್ದ ನೌಕರರೊಬ್ಬರು ವರ್ಗವಾಗಿ ಹೋದರು. ಮಾಡಿಟ್ಟಿದ್ದು ತೀರಿತು. ಹೊಸ ಮೊಟ್ಟೆ ಮೇಜಿನ ಮೇಲೆ ಬಂತು. ಕಾಂತಿಭಾಯಿ ವೈಷ್ಣವರು, ನಾನು ಮೊಟ್ಟೆಯನ್ನು ಅಂಗಡಿಯ ಬುಟ್ಟಿಯಲ್ಲಿ ದೂರದಿಂದ ಕಂಡವಳು. ಇಬ್ಬರೂ ಅದರ ಎರಡು ಬದಿಗೆ ನಿಂತು, ಅದು ತಾನಾಗಿಯೇ ಒಡೆಯುತ್ತದೇನೋ ಎನ್ನುವಂತೆ ಕಾದೆವು. ಕೊನೆಗೆ ಅವರು ಗೋಡೆಯ ಕಡೆಗೆ ಮುಖ ಮಾಡಿ, “ಮೆಲ್ಲಗೆ ತಟ್ಟು... ಈಗ ಎರಡು ಮಾಡು... ಹಳದಿ ಬೀಳಬಾರದು...” ಎಂದು ಹೇಳಿಕೊಡತೊಡಗಿದರು. ಎಂದೂ ಒಡೆಯದವರಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮೊದಲನೆಯದು ನೆಲಕ್ಕೆ ಹೋಯಿತು, ಎರಡನೆಯದು ನನ್ನ ಸೀರೆಗೆ. ಮೂರನೆಯದರಿಂದ ಮಾಡಿದ ಅಂಟು ಒಂದು ವರ್ಷ ಬಂತು.

ಅಲ್ಲಿಯ ದೊಡ್ಡ ಡಾಕ್ಟರಿಗೆ ಸ್ಲೈಡು ಅಂದವಾಗಿರಬೇಕು. ಬೆಳಕಿಗೆ ಹಿಡಿದು ನೋಡಿ, ಅಂಚು ಹರಿದಿದ್ದರೆ ಮುಖ ಸಿಂಡರಿಸುತ್ತಿದ್ದರು. ಕೊಬ್ಬಿರುವ ತುಣುಕು ಯಾವಾಗಲೂ ಹರಿಯುತ್ತದೆ. ಮೇಣ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ, ಚೂರಿ ತಾಗಿದ ಕೂಡಲೇ ಪುಡಿಯಾಗುತ್ತದೆ. ನಾನು ಒಂದು ಉಪಾಯ ಕಂಡುಕೊಂಡೆ. ಚರ್ಮದ ತುಣುಕು ಬಂದರೆ ಅದರ ಕೆಳಗೆ ಅಂಟಿಕೊಂಡ ಹಳದಿ ಕೊಬ್ಬನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದುಬಿಡುವುದು. ಆಮೇಲೆ ಹೋಳು ರೇಷ್ಮೆ ಪಟ್ಟಿಯಂತೆ ಬರುತ್ತಿತ್ತು. ದೊಡ್ಡ ಡಾಕ್ಟರು ಹೊಗಳಿದರು. ಕಾಂತಿಭಾಯಿಗೆ ಈ ಉಪಾಯ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಆ ಹೊಗಳಿಕೆಯ ಜೊತೆಗೇ ನನಗೆ ವಡೋದರದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು.

ವಡೋದರದಲ್ಲಿ ಫತೇಗಂಜ್‌ನ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಉಳಿದುಕೊಂಡೆ. ಸುತ್ತ ವಿದ್ಯಾರ್ಥಿಗಳು, ಸೈಕಲ್ಲುಗಳು, ಸಣ್ಣ ಸಣ್ಣ ತಿಂಡಿ ಅಂಗಡಿಗಳು. ಬೀದಿಯ ತುದಿಯಲ್ಲಿ ಒಂದು ಉಡುಪಿ ಹೋಟೆಲು. ಊರಿನ ನೆನಪಾದಾಗಲೆಲ್ಲ ಅಲ್ಲಿ ಹೋಗಿ ದೋಸೆ ತಿನ್ನುತ್ತಿದ್ದೆ.

ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಇಂದುಬೆನ್. ನಲವತ್ತರ ಆಸುಪಾಸಿನ, ಖಾದಿ ಸೀರೆ ಉಟ್ಟು ಸೈಕಲ್ಲಿನಲ್ಲಿ ಬರುತ್ತಿದ್ದ ಹೆಂಗಸು. ಮಾತು ಕಡಿಮೆ, ನಗು ಜೋರು. ಆ ನಗುವನ್ನು ನಾನು ಮೊದಲು ಕೇಳಿದ್ದು ಒಂದು ಕೋತಿಯ ದೆಸೆಯಿಂದ. ಆಗ ನೇರಳೆ ಬಣ್ಣವನ್ನು ನಾವೇ ತಯಾರಿಸಿ, ಸೀಸೆಯಲ್ಲಿ ತುಂಬಿ, ವಾರಗಟ್ಟಲೆ ಬಿಸಿಲಿನಲ್ಲಿಟ್ಟು ಹದ ಮಾಡಬೇಕಿತ್ತು. ತಾರಸಿಯ ಮೇಲೆ ನಾನಿಟ್ಟಿದ್ದ ಸೀಸೆಯನ್ನು ಒಂದು ದೊಡ್ಡ ಮುಸಿಯ ಉರುಳಿಸಿ, ಎರಡೂ ಕೈ ಅದ್ದಿ, ಬೇವಿನ ಮರ ಹತ್ತಿತು. ಒಂದು ವಾರ ಆ ನೇರಳೆ ಕೈಯ ಕೋತಿ ಆಸ್ಪತ್ರೆಯ ಕಿಟಕಿಗಳಲ್ಲೆಲ್ಲ ಕಾಣಿಸಿಕೊಂಡಿತು. ನಾನು ಬೈಗುಳಕ್ಕೆ ಕಾದು ನಿಂತಿದ್ದರೆ ಇಂದುಬೆನ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. “ನಮ್ಮ ಲ್ಯಾಬಿಗೆ ಇನ್ನೊಬ್ಬ ಟೆಕ್ನೀಷಿಯನ್ ಸಿಕ್ಕ, ಸುಮಿತ್ರಾಬೆನ್!”

ಎರಡನೆಯ ಬೇಸಿಗೆ. ಹೋಳಿ ಹಬ್ಬ ಕಳೆದು ಬಿಸಿಲು ಏರಿತ್ತು. ಒಂದು ಬೆಳಿಗ್ಗೆ ವಾರ್ಡಿನಿಂದ ಕರೆ ಬಂತು. ಒಬ್ಬ ರೋಗಿಗೆ ಗುಜರಾತಿ ಸರಿಯಾಗಿ ಬಾರದು, ‘ಮದ್ರಾಸಿ’ ಮಾತಾಡುತ್ತಾನೆ, ನೀವು ಬಂದು ಕೇಳಿ ಎಂದರು. ಹೋದೆ. ಮಂಚದ ಮೇಲೆ ಇಪ್ಪತ್ತೆಂಟರ ದುಂಡನೆಯ ಆಳು ಬೋರಲಾಗಿ ಮಲಗಿದ್ದ. ಸೊಂಟದ ಹಿಂದೆ, ಬೆನ್ನಿನ ಕೆಳಭಾಗದಲ್ಲಿ, ನಾಲ್ಕು ಗಂಟುಗಳು. ನಿಂಬೆಹಣ್ಣಿನ ಗಾತ್ರ, ಕೆಂಪು ನೇರಳೆ ಬಣ್ಣ, ಮುಟ್ಟಿದರೆ ನೋವು.

“ಎಲ್ಲಿಯವರ್ರೀ ನೀವು? ಏನ್ ಆಗೇದ?” ಎಂದೆ.

ಅವನು ಗಕ್ಕನೆ ತಲೆಯೆತ್ತಿದ. “ಹ್ವಾಯ್ ಅಕ್ಕಾ, ಕನ್ನಡವಾ! ನಾನ್ ಕುಂದಾಪುರ್ದವ. ಫತೇಗಂಜ್ ಹೋಟ್ಲಗೆ ದೋಸಿ ಹೊಯ್ಯುದ್ ನಾನೇ.”

ಎರಡು ವರ್ಷದಿಂದ ಅವನ ದೋಸೆ ತಿಂದಿದ್ದೆ, ಮುಖ ನೋಡಿದ್ದು ಅಂದು. ಹೆಸರು ವಾಸುದೇವ. ಗಂಟು ಬಂದು ಎರಡು ಮೂರು ವಾರವಾಗಿತ್ತು. ಸರ್ಜನ್ ಸಾಹೇಬರಿಗೆ ಬೆನ್ನುಮೂಳೆಯ ಕ್ಷಯವಿರಬಹುದೆಂಬ ಅನುಮಾನ, ಇಲ್ಲವೇ ಅದಕ್ಕಿಂತ ಕೆಟ್ಟ ಗಡ್ಡೆ. ಒಂದು ತುಣುಕು ತೆಗೆದು ನಮ್ಮ ಲ್ಯಾಬಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅದನ್ನು ಅವನಿಗೆ ಕನ್ನಡದಲ್ಲಿ ತಿಳಿಸುವುದು ನನ್ನ ಪಾಲಿಗೆ ಬಂತು. ಕ್ಷಯ ಎನ್ನುವ ಮಾತು ಕೇಳಿ ಅವನ ಮುಖ ಸಣ್ಣದಾಯಿತು.

“ಅಕ್ಕಾ, ವೈಶಾಖದಗೆ ನಂಗ್ ಮದಿ. ಹೆಣ್ಣಿನ ಕಡಿಯೋರಿಗೆ ಕ್ಷಯ ಅಂತ ಕೇಂಡ್ರೆ ಬಿಡ್ತ್ರಾ? ಯಜಮಾನ್ರೂ ಹೇಳಿರ್, ಹಂಗೇನಾರು ಬಂದ್ರೆ ಅಡ್ಗಿಮನೆಗ್ ಇಟ್ಕಂಬ್ಕ್ ಆತಿಲ್ಲ ಅಂತ.”

ಮದುವೆಗೆ ಉಳಿದಿದ್ದದ್ದು ಒಂದೂವರೆ ತಿಂಗಳು. “ಹೆದರಬ್ಯಾಡ್ರಿ. ನಿಮ್ಮ ತುಣುಕು ನನ್ನ ಕೈಗೇ ಬರ್ತದ. ಛಲೋತ್ನಾಗ ಮಾಡಿ ಕೊಡ್ತೀನಿ” ಎಂದು ಧೈರ್ಯ ಹೇಳಿದೆ.

ಛಲೋತ್ನಾಗಿಯೇ ಮಾಡಿದೆ. ತುಣುಕು ಬಂತು. ಮೇಲೆ ಚರ್ಮ, ಕೆಳಗೆ ಹಳದಿ ಕೊಬ್ಬು. ಕತ್ತರಿ ತೆಗೆದುಕೊಂಡು ಕೊಬ್ಬನ್ನು ಪೂರ್ತಿ ಕತ್ತರಿಸಿ ಕಸದ ಡಬ್ಬಿಗೆ ಹಾಕಿದೆ. ನಮ್ಮೂರ ಕಡೆಯ ಮನುಷ್ಯನದೆಂದು ಮಾಮೂಲಿಗಿಂತ ಹೆಚ್ಚು ಅಂದವಾಗಿ ಹೋಳು ಕೊಯ್ದೆ. ಇಂದುಬೆನ್ ನೋಡಿ ‘ಚರ್ಮ ಸಹಜವಾಗಿದೆ’ ಎಂದು ಬರೆದರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಮಲಗಿದ ಆರು ದಿನಕ್ಕೆ ಗಂಟುಗಳೂ ಇಳಿದವು. ಪೆನಿಸಿಲಿನ್ ಕೆಲಸ ಮಾಡಿತೆಂದು ಸರ್ಜನ್ ಸಾಹೇಬರು ಅವನನ್ನು ಮನೆಗೆ ಕಳಿಸಿದರು. ಹೋಗುವಾಗ ವಾಸುದೇವ ಲ್ಯಾಬಿನ ಬಾಗಿಲಿಗೆ ಬಂದು ಕೈಮುಗಿದ. ನಾನು ಹಿಗ್ಗಿದೆ.

ಹತ್ತು ದಿನಕ್ಕೆ ವಾಪಸು ಬಂದ. ಗಂಟು ನಾಲ್ಕಿದ್ದದ್ದು ಏಳಾಗಿತ್ತು.

ಸರ್ಜನ್ ಸಾಹೇಬರು ಸಿಟ್ಟಾಗಿ ನಮ್ಮ ರಿಪೋರ್ಟಿನ ಕಾಗದವನ್ನು ಇಂದುಬೆನ್ ಮೇಜಿನ ಮೇಲಿಟ್ಟರು. “ನಿಮ್ಮ ಪ್ರಕಾರ ಇವನಿಗೆ ಏನೂ ಇಲ್ಲ. ನಾನು ಅಗಲವಾಗಿ ಕೊಯ್ದು ಎಲ್ಲ ತೆಗೆದುಬಿಡ್ತೀನಿ. ಜೊತೆಗೆ ಕ್ಷಯದ ಔಷಧಿಯನ್ನೂ ಶುರುಮಾಡ್ತೀನಿ. ಇನ್ನು ಕಾಯೋದರಲ್ಲಿ ಅರ್ಥವಿಲ್ಲ.”

ಅವರು ಹೋದ ಮೇಲೆ ಇಂದುಬೆನ್ ಹಳೆಯ ಸ್ಲೈಡನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. “ಚರಬಿ ಕ್ಯಾಂ ಛೇ?” ಕೊಬ್ಬು ಎಲ್ಲಿದೆ?

ಸರ್ಜನ್ ಕಳಿಸಿದ್ದರಲ್ಲಿ ಕೊಬ್ಬು ಇರಲೇ ಇಲ್ಲ ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದದ್ದು ನಿಜ. ಆದರೆ ಅವತ್ತು ವಾರ್ಡಿನಲ್ಲಿ ತಲೆಯೆತ್ತಿ ‘ಕನ್ನಡವಾ!’ ಎಂದವನ ಮುಖ ಕಣ್ಣ ಮುಂದೆ ಬಂತು.

“ನಾನು ಕತ್ತರಿಸಿ ಎಸೆದೆ” ಎಂದೆ. “ಸ್ಲೈಡು ಅಂದವಾಗಿ ಬರಲಿ ಅಂತ. ಯಾವಾಗಲೂ ಹಾಗೇ ಮಾಡ್ತೀನಿ.” ಅಷ್ಟು ಹೇಳುವುದರೊಳಗೆ ಅಳು ಬಂತು. “ಕೊಬ್ಬು ಕೊಯ್ಯೋಕೆ ಬರೋದಿಲ್ಲ ಇಂದುಬೆನ್, ಪುಡಿಪುಡಿ ಆಗ್ತದೆ.”

ಅವರು ಬೈಯಲಿಲ್ಲ. ಚೀಟಿಯೊಂದರ ಮೇಲೆ ಚಿತ್ರ ಬರೆದು ತೋರಿಸಿದರು. ಮೇಲೆ ಚರ್ಮ, ಕೆಳಗೆ ಕೊಬ್ಬಿನ ಪದರ, ಅದರ ಕೆಳಗೆ ಸ್ನಾಯು. “ನೋಡು. ಗಂಟು ಆಳದಲ್ಲಿದೆ, ಆದರೆ ಸ್ನಾಯುವಿಗೆ ಅಂಟಿಲ್ಲ, ಬೆರಳಲ್ಲಿ ಒತ್ತಿದರೆ ಜಾರುತ್ತದೆ. ಅಂದರೆ ರೋಗ ಇರೋದು ನೀನು ಎಸೆದ ಪದರದಲ್ಲೇ. ಕೊಬ್ಬಿಗೇ ಉರಿಯೂತ ಬರುತ್ತದೆ ಸುಮಿತ್ರಾ. ಅದಕ್ಕೆ ಪ್ಯಾನಿಕ್ಯುಲೈಟಿಸ್ ಅಂತಾರೆ. ಯಾವ ಕಾರಣಕ್ಕೆ ಬಂದಿದೆ ಅನ್ನೋದನ್ನ ಕೊಬ್ಬು ನೋಡದೆ ಹೇಳೋಕಾಗಲ್ಲ.” ಎದ್ದು ಸೆರಗು ಸಿಕ್ಕಿಸಿಕೊಂಡು ಸರ್ಜನ್ ಸಾಹೇಬರ ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. “ಭೂಲ್ ಆಪಣಿ ಛೇ” ಎಂದರು ಅವರಿಗೆ. ತಪ್ಪು ನಮ್ಮದು. ‘ಅವಳದು’ ಎನ್ನಲಿಲ್ಲ. “ಇನ್ನೊಂದು ತುಣುಕು ಕೊಡಿ, ಆಳದಿಂದ, ಕೊಬ್ಬಿನ ಸಮೇತ. ಒಂದು ವಾರ ಕೊಡಿ. ಆಮೇಲೆ ನಿಮ್ಮಿಷ್ಟ.” ಸರ್ಜನ್ ಸಾಹೇಬರು ಗೊಣಗಿ ಒಪ್ಪಿದರು. ಆದರೆ ರೋಗಿ ಒಪ್ಪಬೇಕಲ್ಲ. ಅವನಿಗೆ ಹೇಳಬೇಕಾದವಳು ನಾನೇ.

ವಾಸುದೇವನ ಮಂಚದ ಬಳಿ ನಿಂತು ನೇರವಾಗಿ ಹೇಳಿದೆ. “ತಪ್ಪು ನಂದದ ವಾಸುದೇವ. ನೋಡಬೇಕಾದ ಭಾಗನ ನಾ ಕತ್ತರಿಸಿ ಒಗದುಬಿಟ್ಟೆ. ಇನ್ನೊಮ್ಮೆ ಕೊಯ್ಯಬೇಕಾಗ್ತದ. ನೀವು ಬೈದ್ರ ಬೈಸ್ಕೋತೀನಿ.”

ಅವನು ಬೋರಲು ಮಲಗಿದ್ದಲ್ಲೇ ಹೆಗಲು ಕುಲುಕಿಸಿ ನಗತೊಡಗಿದ.

“ಎಂತಕ್ಕಾ ನೀವ್! ನಾನ್ ದಿನಕ್ಕ್ ಎಷ್ಟ್ ದೋಸಿ ಕರಂಚಿ ಬಿಸಾಡ್ತೆ ಗೊತ್ತಿತ್ತಾ? ಇನ್ನೊಂದ್ ಹೊಯ್ದ್ರೆ ಆಯ್ತ್. ಬೆನ್ನ್ ಇಲ್ಲೇ ಇತ್ತಲೆ, ತೆಗಿನಿ.” ನಗು ನಿಂತ ಮೇಲೆ ಸಣ್ಣ ದನಿಯಲ್ಲಿ ಸೇರಿಸಿದ. “ಈ ಸರ್ತಿ ಮಾತ್ರ ಕರಂಚ್ಬೇಡಿ ಅಕ್ಕಾ. ಮದಿಗೆ ಒಂದೇ ತಿಂಗ್ಳ್ ಇಪ್ಪುದ್.”

ಎರಡನೆಯ ತುಣುಕು ಶನಿವಾರ ಬಂತು. ಸೀಸೆಯಲ್ಲಿ ಅದನ್ನು ಹಾಗೇ ಇಟ್ಟು ಭಾನುವಾರ ಬೆಳಿಗ್ಗೆಯ ರೈಲಿಗೆ ಅಹಮದಾಬಾದಿಗೆ ಹೊರಟೆ. ಕಾಂತಿಭಾಯಿ ಮನೆಯ ಓಟ್ಲೆಯ ಮೇಲೆ, ಅಂದರೆ ಅಲ್ಲಿಯವರ ಜಗುಲಿಯ ಮೇಲೆ, ಚಹಾ ಕುಡಿಯುತ್ತ ಕುಳಿತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರ ಮೀಸೆ ಕುಣಿಯಿತು.

“ಎರಡು ವರ್ಷ ನನ್ನ ಮುಂದೆ ಕೂತು ಕೊಬ್ಬು ಕತ್ತರಿಸಿ ಎಸೀತಿದ್ದೆ, ನನಗೆ ಗೊತ್ತೇ ಆಗಲಿಲ್ಲ! ನಿನ್ನ ಜಡೆಯ ಕೂದಲು ನೋಡ್ತಾ ಕೂತವನು ನಿನ್ನ ಕತ್ತರಿ ನೋಡಲಿಲ್ಲ. ಸರಿ, ಬರಕೊ. ಕೊಬ್ಬಿಗೆ ಅವಸರ ಆಗೋದಿಲ್ಲ. ನಾಣ್ಯದಷ್ಟು ತೆಳ್ಳಗೆ ಮಾಡು. ಬೇರೆ ತುಣುಕಿಗೆ ಒಂದು ದಿನ ಸ್ಪಿರಿಟಿನಲ್ಲಿಟ್ಟರೆ ಇದಕ್ಕೆ ಎರಡು ದಿನ. ಮೇಣ ಮೂರು ಸಲ ಬದಲಾಯಿಸು. ಕೊಯ್ಯೋ ಮುಂಚೆ ಅಚ್ಚಿನ ಮುಖಕ್ಕೆ ಬರಫ್ ಒತ್ತಿ ಹಿಡಿ, ನೂರು ಎಣಿಸೋ ತನಕ. ಎರಡು ಹೋಳು ಕೊಯ್ಯಿ, ಮತ್ತೆ ಬರಫ್. ಚೂರಿ ಹೊಸದಾಗಿ ಮಸೆದಿರಬೇಕು.” ಬಾಗಿಲವರೆಗೆ ಬಂದು ಮತ್ತೆ ಕೂಗಿದರು. “ಶಾಂತಿ ರಾಖ್‌ಜೇ!” ತಾಳ್ಮೆ ಇರಲಿ.

ಹೇಳಿದ ಹಾಗೆಯೇ ಮಾಡಿದೆ. ಸ್ಪಿರಿಟಿನ ದಿನಗಳು, ಮೇಣದ ದಿನ ಎಲ್ಲ ಕಳೆದು ಗುರುವಾರ ಮಧ್ಯಾಹ್ನ ಅಚ್ಚು ಸಿದ್ಧವಾಯಿತು. ಆದರೆ ಬರಫ್, ಎಂದರೆ ಮಂಜುಗಡ್ಡೆ, ಇರಲಿಲ್ಲ. ಆಸ್ಪತ್ರೆಯ ಐಸ್ ಪೆಟ್ಟಿಗೆ ಕೆಟ್ಟು ಕುಳಿತಿತ್ತು. ಥರ್ಮಾಸ್ ಹಿಡಿದು ಫತೇಗಂಜ್‌ನ ಉಡುಪಿ ಹೋಟೆಲಿಗೇ ನಡೆದೆ. ಅಲ್ಲಿ ಬೇಸಿಗೆಯಲ್ಲಿ ಮಜ್ಜಿಗೆಗೂ ಶರಬತ್ತಿಗೂ ದಿನಕ್ಕೊಂದು ದೊಡ್ಡ ಮಂಜಿನ ಗಡ್ಡೆ ತರಿಸುತ್ತಾರೆಂದು ತಿಂದು ಕುಡಿದ ನನಗೆ ಗೊತ್ತಿತ್ತು.

ಯಜಮಾನರು ಹಿಂದಿನ ಅಡುಗೆಮನೆಗೆ ಹೋಗಿ ತೆಗೆದುಕೊಳ್ಳಿ ಎಂದರು. ಒಳಗೆ ಕಾಲಿಟ್ಟರೆ ಕುಲುಮೆ. ದೋಸೆಯ ಕಾವಲಿ, ಇಡ್ಲಿಯ ಹಂಡೆ, ಮೇಲೆ ತಗಡಿನ ಸೂರು. ಮಂಗಳವಾರವೇ ಆಸ್ಪತ್ರೆಯಿಂದ ಹೊಲಿಗೆ ಹಾಕಿಸಿಕೊಂಡು ಬಂದಿದ್ದ ವಾಸುದೇವ ಮಧ್ಯಾಹ್ನದ ಬಿಡುವಿನಲ್ಲಿ ಮೂಲೆಯಲ್ಲಿ ಕುಳಿತಿದ್ದ. ಬರಿಮೈ, ಸೊಂಟಕ್ಕೆ ಒಂದು ಪಂಚೆ. ಕುಳಿತದ್ದು ಒಂದು ಗಿಡ್ಡ ಮಣೆಯ ಮೇಲೆ. ಒರಗಿದ್ದು ಗೋಣಿತಟ್ಟು ಸುತ್ತಿದ ಮಂಜಿನ ಗಡ್ಡೆಗೆ.

“ಬನಿ ಅಕ್ಕಾ” ಎಂದ ಕಣ್ಣುಮುಚ್ಚಿಕೊಂಡೇ. “ಬೆಳಿಗ್ಗಿಂದ ಕಾವ್ಲಿ ಎದ್ರ್ ನಿಂತವ್ನಿಗೆ ಇದೇ ಸ್ವರ್ಗ ಕಾಣಿ. ಹೋಳಿ ಹಬ್ಬ್ದಿಂದ ಈಚಿಗೆ ದಿನಾ ಅರ್ಧ ಗಂಟಿ ಹೀಂಗೇ.”

ನನಗೆ ಆಗ ಏನೂ ಹೊಳೆಯಲಿಲ್ಲ. ತಲೆಯ ತುಂಬ ನನ್ನ ಅಚ್ಚೇ ಇತ್ತು. ಗಡ್ಡೆಯಿಂದ ಒಂದು ಚೂರು ಒಡೆದು ಥರ್ಮಾಸಿಗೆ ತುಂಬಿಕೊಂಡು ಓಡಿದೆ.

ಮಂಜು ಒತ್ತಿದೆ. ನೂರು ಎಣಿಸಿದೆ. ಹೋಳು ಕೊಯ್ಯುವ ಯಂತ್ರದ ಚಕ್ರ ತಿರುಗಿಸಿದೆ. ಮೊದಲ ಹೋಳು ಹರಿಯಿತು. ಎರಡನೆಯದೂ ಹರಿಯಿತು. ಚೂರಿಯನ್ನು ಮತ್ತೆ ಚರ್ಮದ ಮೇಲೆ ತೀಡಿ, ಮತ್ತೆ ಮಂಜು, ಮತ್ತೆ ನೂರು. ಮೂರನೆಯದು ಚರ್ಮ, ಕೊಬ್ಬು ಎರಡೂ ಸೇರಿ ಒಂದೇ ತುಂಡಾಗಿ, ಹರಿಯದೆ, ಚೂರಿಯ ಅಲಗಿನ ಮೇಲೆ ಜಾರಿ ಬಂತು. ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಆದರೂ ಕೈತಟ್ಟಿದೆ.

ಮರುದಿನ ಇಂದುಬೆನ್ ಸ್ಲೈಡು ನೋಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಕಣ್ಣು ತೆಗೆಯದೆ ಹೇಳುತ್ತ ಹೋದರು. “ಕ್ಷಯದ ಗುರುತು ಇಲ್ಲ. ಕ್ಯಾನ್ಸರ್ ಇಲ್ಲ. ಕೊಬ್ಬಿನ ಪದರಕ್ಕೇ ಉರಿಯೂತ, ಅದೂ ಚರ್ಮಕ್ಕೆ ತಾಗಿರುವ ಮೇಲಿನ ಭಾಗದಲ್ಲೇ ಹೆಚ್ಚು.” ಆಮೇಲೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. “ಹೊರಗಿನಿಂದ ಏನೋ ತಾಗಿದೆ ಇವನ ಬೆನ್ನಿಗೆ. ಪೆಟ್ಟು? ಸುಟ್ಟದ್ದು? ಆಸ್ಪತ್ರೆಯಲ್ಲಿದ್ದಾಗ ಕಡಿಮೆಯಾಯಿತು, ಕೆಲಸಕ್ಕೆ ಹೋದರೆ ಬಂತು. ಏನು ಮಾಡ್ತಾನೆ ಅವನು ಅಲ್ಲಿ?”

“ದೋಸೆ ಹೊಯ್ತಾನೆ” ಎಂದೆ. “ಕಾವಲಿ ಎದುರಿಗಿರ್ತದೆ, ಬೆನ್ನಿಗೆ...”

ಬಾಯಿ ಅಲ್ಲಿಗೇ ನಿಂತಿತು.

“ಬೆನ್ನಿಗೆ?” ಎಂದರು ಇಂದುಬೆನ್.

“ಬರಫ್!” ಎಂದು ಕೂಗಿದೆ. ಗೋಣಿತಟ್ಟಿನ ಗಡ್ಡೆ, ಬರಿಮೈ, ಅರ್ಧ ಗಂಟೆ, ಹೋಳಿಯಿಂದ ಈಚೆಗೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಇಂದುಬೆನ್ ಎದ್ದು ನಿಂತರು. ಅತಿಯಾದ ಚಳಿ ತಾಗಿದರೆ ಕೆಲವರ ಕೊಬ್ಬು ಒಳಗೇ ಗಟ್ಟಿಯಾಗಿ ಉರಿಯೂತ ಬರುತ್ತದೆಂದು ಅವರು ಓದಿದ್ದರು, ಕಣ್ಣಾರೆ ಕಂಡಿರಲಿಲ್ಲ. ಎಲ್ಲರಿಗೂ ಬರುವುದಿಲ್ಲ. ಅದೇ ಹೋಟೆಲಿನಲ್ಲಿ ಇನ್ನೂ ಇಬ್ಬರು ಆ ಗಡ್ಡೆಗೆ ಒರಗುತ್ತಿದ್ದರು, ಅವರಿಗೆ ಏನೂ ಆಗಿರಲಿಲ್ಲ.

“ಊಹೆ ಸಾಲದು” ಎಂದರು. ವಾಸುದೇವನನ್ನು ಕರೆಸಿದರು. ಗಂಟಿಲ್ಲದ ಕಡೆ, ಸೊಂಟದ ಪಕ್ಕದಲ್ಲಿ, ಒಂದು ಸಣ್ಣ ಮಂಜಿನ ಚೂರನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಒತ್ತಿ ಹಿಡಿದೆವು. ಪೆನ್ನಿನಿಂದ ಸುತ್ತ ಗೆರೆ ಎಳೆದೆವು. ಇನ್ನು ಮುಂದೆ ಆ ಗಡ್ಡೆಯ ಹತ್ತಿರ ಸುಳಿಯಬೇಡ, ಸೋಮವಾರ ಬಾ ಎಂದು ಕಳಿಸಿದೆವು.

ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಅವನು ಹೊರಗೆ ನಿಂತಿದ್ದ.

“ಅಕ್ಕಾ, ಬಂದಿತ್ತ್! ಗೆರಿ ಒಳ್ಗೇ ಬಂದಿತ್ತ್!”

ಪೆನ್ನಿನ ಗೆರೆಯ ನಡುವೆ ಗೋಲಿಯಷ್ಟು ಕೆಂಪು ಗಂಟು. ಹಳೆಯ ಏಳೂ ಆಗಲೇ ಮೆತ್ತಗಾಗಿದ್ದವು. ಆಸ್ಪತ್ರೆಯ ಚರಿತ್ರೆಯಲ್ಲಿ ಒಂದು ಹೊಸ ಗಂಟು ಹುಟ್ಟಿದ್ದಕ್ಕೆ ಅಷ್ಟು ಜನ ಸಂತೋಷಪಟ್ಟದ್ದು ಅದೇ ಮೊದಲಿರಬೇಕು. ಇಂದುಬೆನ್ ಅವರ ದೊಡ್ಡ ನಗು ವಾರ್ಡಿನವರೆಗೆ ಕೇಳಿತು. ಸರ್ಜನ್ ಸಾಹೇಬರು ಬಂದು, ಬೆರಳಿನಿಂದ ಒತ್ತಿ ನೋಡಿ, “ನಾನು ಅರ್ಧ ಬೆನ್ನು ಕೊಯ್ತಿದ್ದೆ” ಎಂದು ಮೆಲ್ಲಗೆ ಹೇಳಿ, ನನ್ನ ಕಡೆ ತಿರುಗಿ ತಲೆಬಾಗಿಸಿದರು.

ಔಷಧಿ ಏನೂ ಬೇಕಾಗಲಿಲ್ಲ. ಮಂಜಿನ ಗಡ್ಡೆಯನ್ನು ಯಜಮಾನರು ಹಜಾರದ ಪೆಟ್ಟಿಗೆಯೊಳಗೆ ಇಡಿಸಿದರು. ಅಡುಗೆಮನೆಯ ಗೋಡೆ ಒಡೆಸಿ ದೊಡ್ಡ ಕಿಟಕಿಯೊಂದನ್ನು ಮಾಡಿಸಿದರು. ಎರಡು ವಾರಕ್ಕೆ ಗಂಟುಗಳೆಲ್ಲ ಕರಗಿ, ಅಲ್ಲಲ್ಲಿ ಸ್ವಲ್ಪ ಕಪ್ಪು ಕಲೆ ಉಳಿಯಿತು. ‘ಕ್ಷಯವಿಲ್ಲ’ ಎಂದು ಇಂದುಬೆನ್ ರುಜು ಹಾಕಿ ಕೊಟ್ಟ ಕಾಗದವನ್ನು ಲಗ್ನಪತ್ರಿಕೆಯ ಹಾಗೆ ಎದೆಗೊತ್ತಿಕೊಂಡು ವಾಸುದೇವ ಊರಿಗೆ ಹೊರಟ.

ಅಂದಿನಿಂದ ನಾನು ಕತ್ತರಿಯನ್ನು ಮೇಜಿನ ಡ್ರಾಯರಿನ ತಳಕ್ಕೆ ಹಾಕಿದೆ. ಮೈತ್ರಿ, ನಿಮ್ಮ ಕಾಲದಲ್ಲಿ ಯಂತ್ರವೇ ಸ್ಪಿರಿಟು ಬದಲಾಯಿಸುತ್ತದೆ, ಯಂತ್ರವೇ ಅಚ್ಚನ್ನು ತಣ್ಣಗಿಡುತ್ತದೆ. ನನಗೆ ಹೊಟ್ಟೆಕಿಚ್ಚೇನೂ ಇಲ್ಲ, ಬೆರಳು ನೇರಳೆಯಾಗದೆ ಉಳಿಯುವುದು ಒಳ್ಳೆಯದೇ. ಆದರೆ ಯಾವ ತುಣುಕನ್ನು ಯಂತ್ರಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಎನ್ನುವುದು ಈಗಲೂ ಕೈಯಲ್ಲೇ ಇದೆ. ಅಂದ ಕೆಡಿಸುತ್ತದೆಂದು ಏನನ್ನೂ ಬಿಸಾಡಬೇಡ.

ಆ ಚಳಿಗಾಲ ಸೂರತ್‌ನಲ್ಲಿ ಡಾಕ್ಟರುಗಳ ಒಂದು ಸಭೆ. ಇಂದುಬೆನ್ ಈ ಕೇಸನ್ನು ಅಲ್ಲಿ ಹೇಳುವವರಿದ್ದರು. ಸ್ಲೈಡುಗಳ ಪೆಟ್ಟಿಗೆ ಹೊರಲು ಎಂದು ನನ್ನನ್ನೂ ಕರೆದೊಯ್ದರು. ನಾನು ಕೊನೆಯ ಸಾಲಿನಲ್ಲಿ ಕುಳಿತೆ. ಅವರು ಮುಗಿಸಿದ ಮೇಲೆ ಮುಂದಿನ ಸಾಲಿನ ಒಬ್ಬ ಡಾಕ್ಟರು ಎದ್ದು ಕೇಳಿದರು. “ಮೊದಲನೇ ತುಣುಕಿನಲ್ಲೇ ಏಕೆ ಕಾಣಲಿಲ್ಲ?”

“ಅದನ್ನು ಕೊಯ್ದವರೇ ಹೇಳ್ತಾರೆ” ಎಂದು ಇಂದುಬೆನ್ ನನ್ನ ಕಡೆ ಕೈ ತೋರಿಸಿದರು.

ಸಭೆ ಪೂರ್ತಿ ಹಿಂದೆ ತಿರುಗಿತು. ಎದ್ದು ನಿಂತೆ. ಗುಜರಾತಿ ಮರೆತುಹೋಯಿತು, ಇಂಗ್ಲಿಷೂ ಮರೆತುಹೋಯಿತು. ಹೇಗೋ ಎರಡನ್ನೂ ಕಲಸಿ, ಕೊಬ್ಬು ಎಸೆದದ್ದು, ಅಂದದ ಆಸೆ, ಕಾಂತಿಭಾಯಿ ಹೇಳಿಕೊಟ್ಟ ಬರಫಿನ ಕ್ರಮ, ಅದೇ ಬರಫ್ ತರಲು ಹೋಗಿ ರೋಗದ ಮೂಲ ಕಂಡದ್ದು, ಎಲ್ಲ ಹೇಳಿದೆ. ಮಂಜು ಮಾಡಿದ ಗಾಯವನ್ನು ನೋಡಲು ಮಂಜೇ ಬೇಕಾಯಿತು ಎಂದಾಗ ಜನ ನಕ್ಕರು. ನಗು ನಿಂತ ಮೇಲೆ ಮುಪ್ಪಿನ ಡಾಕ್ಟರೊಬ್ಬರು ಎದ್ದು, “ನಮ್ಮ ಲ್ಯಾಬಿನಲ್ಲೂ ಕೊಬ್ಬು ಕತ್ತರಿಸಿ ಎಸೀತಾರೆ. ನಾಳೆಯಿಂದ ಇಲ್ಲ” ಎಂದು ಕುಳಿತರು. ಸಂಜೆ ಇಂದುಬೆನ್ ನನ್ನನ್ನು ತಾಪಿ ನದಿಯ ದಡಕ್ಕೆ ಕರೆದುಕೊಂಡು ಹೋಗಿ ಪೋಂಕ್ ಕೊಡಿಸಿದರು. ಎಳೆಯ ಜೋಳದ ತೆನೆಯನ್ನು ಸುಟ್ಟು ಬಡಿದ ಹಸಿರು ಕಾಳು, ಅದರ ಮೇಲೆ ನಿಂಬೆಹುಳಿ, ಸೇವು. ನಮ್ಮ ಕಡೆಯ ಸೀತನಿಯದೇ ರುಚಿ. ಇಬ್ಬರೂ ಮೂರು ಮೂರು ಪೊಟ್ಟಣ ತಿಂದೆವು.

ಮುಂದಿನ ಬೇಸಿಗೆಯ ಹೊತ್ತಿಗೆ ವಾಸುದೇವ ಹೆಂಡತಿಯನ್ನು ವಡೋದರಕ್ಕೆ ಕರೆತಂದ. ಗಿರಿಜಾ ಅವಳ ಹೆಸರು. ಬಂದ ಮೂರನೆಯ ದಿನ ಇಬ್ಬರೂ ಲ್ಯಾಬಿಗೆ ಬಂದರು. ಗಂಡನ ಬೆನ್ನಿನ ತುಂಡು ಇಲ್ಲಿ ಗಾಜಿನಲ್ಲಿ ಇದೆಯಂತೆ, ಅದನ್ನು ನೋಡಬೇಕೆಂದು ಅವಳ ಹಟ. ಇಂದುಬೆನ್ ನಗುತ್ತ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ನಾನು ಸ್ಲೈಡು ಇಟ್ಟು ಬೆಳಕು ಹೊಂದಿಸಿದೆ. ಗಿರಿಜಾ ಒಂದು ಕಣ್ಣು ಮುಚ್ಚಿ, ಸೆರಗನ್ನು ಕೈಯಲ್ಲಿ ಹಿಡಿದು ಬಗ್ಗಿದಳು.

“ಅಯ್ಯಬ್ಬಾ” ಎಂದಳು. “ಇದ್ ನೀರ್‌ದೋಸಿ ಕಂಡಂಗೇ ಇತ್ತಲೆ!”

ನಾನು ಬಗ್ಗಿ ನೋಡಿದೆ. ಸಾವಿರ ಸಲ ನೋಡಿದ್ದ ಕೊಬ್ಬು. ತೆಳ್ಳನೆಯ ಗೆರೆಗಳ ನಡುವೆ ದುಂಡು ದುಂಡು ತೂತುಗಳು, ಒತ್ತೊತ್ತಾಗಿ, ಒಂದರ ಪಕ್ಕ ಒಂದು. ನೀರುದೋಸೆಯೇ ಹೌದು. ಇಂದುಬೆನ್‌ಗೆ ತಿಳಿಸಿ ಹೇಳಿದೆ. ಅವರೂ ಬಗ್ಗಿ ನೋಡಿ ಒಪ್ಪಿದರು, ಮತ್ತು ಆ ದೋಸೆ ಯಾವಾಗ ತಿನ್ನಲು ಸಿಗುತ್ತದೆಂದು ಕೇಳಿದರು.

ಗಿರಿಜಾ ಮತ್ತೆ ಕಣ್ಣಿಟ್ಟಿದ್ದಳು. “ತೂತಿನ ಮಧ್ಯ ಈ ನೀಲಿ ಚುಕ್ಕಿ ಎಂತಕ್ಕಾ, ರಾಶಿ ಬಿದ್ದದ್ದ್?”

“ಅದೇ ನೋಡವಾ, ರೋಗ. ಉರಿಯೂತ ಬಂದಾಗ ಅಲ್ಲಿ ಕೂಡ್ತಾವ.”

“ಈಗ ಇಲ್ಯಾ?”

“ಈಗ ಇಲ್ಲ.”

“ಮತ್ತೆ ಕೊಯ್ದ್ ಕಾಣ್ದೆ ಹ್ಯಾಂಗ್ ಗೊತ್ತಾತ್ತ್ ನಿಮ್ಗೆ?”

ನಾನು ಉತ್ತರ ಹೊಂದಿಸುತ್ತಿರುವಾಗಲೇ ಗಿರಿಜಾ ಕುರ್ಚಿಯಿಂದ ಎದ್ದಳು. ಗಂಡನ ಹಿಂದೆ ಹೋಗಿ, ಅವನ ಸೊಂಟದ ಮೇಲೆ ಅಂಗೈಯಿಂದ ಒಂದು ಜೋರು ಪೆಟ್ಟು ಕೊಟ್ಟಳು. ಲ್ಯಾಬಿನಲ್ಲೆಲ್ಲ ಸದ್ದು ಕೇಳಿತು. ವಾಸುದೇವ ನೋವೆನ್ನಲಿಲ್ಲ, ಕಿವಿಯವರೆಗೆ ಕೆಂಪಾಗಿ ನಕ್ಕ.

“ಸಮ ಇತ್ತ್” ಎಂದಳು ಗಿರಿಜಾ.

ಇಂದುಬೆನ್ ರಿಜಿಸ್ಟರು ತೆಗೆದು, ವಾಸುದೇವನ ಹೆಸರಿನ ಮುಂದೆ ‘ಪೂರ್ಣ ಗುಣ’ ಎಂದು ಬರೆದರು.